ಕಾವಲಿನವನ ಹೊಸ ಇಯರ್‌ಫೋನ್

ನ್ಯೋಮನ್ ಲಂದ್ರನ ಕತ್ತು ಒಂದು ತಿಂಗಳಿಂದ ಎಡಕ್ಕೆ ವಾಲಿಕೊಂಡಿತ್ತು. ತೆಗಲ್‌ವಾನಿ ಊರಿನ ಜನ ಅದನ್ನು ನೋಡಿ, ಇವನ ಜಂಬ ಈಗ ಕತ್ತಿಗೂ ಏರಿತು ಎಂದುಕೊಂಡರು. ಅವರದೇನೂ ತಪ್ಪಿಲ್ಲ, ಜಂಬ ಹೊಗದ ಅಂಗ ಅವನ ಮೈಯಲ್ಲಿ ಇರಲಿಲ್ಲ. ಆದರೆ ಕತ್ತಿನ ಮಟ್ಟಿಗೆ ನಿಜ ಬೇರೆ. ಅವನ ಇಯರ್‌ಫೋನಿನ ವೈರು ಹುಂಜದ ಬುಟ್ಟಿಗೆ ಸಿಕ್ಕಿ, ಬಲಗಿವಿಯದು ಸತ್ತೇಹೋಗಿತ್ತು. ಎಡಗಿವಿಯದು ಕತ್ತನ್ನು ಒಂದು ಹದಕ್ಕೆ ವಾಲಿಸಿದರೆ ಮಾತ್ರ ಮಾತಾಡುತ್ತಿತ್ತು. ವೈರಿಗೆ ಅಂಟುಪಟ್ಟಿ ಸುತ್ತಿದ್ದಾಯಿತು, ಅಕ್ಕಿಯ ಗಂಜಿ ಮೆತ್ತಿದ್ದೂ ಆಯಿತು. ಕೊನೆಗೆ ಒಂದು ಬೆಳಿಗ್ಗೆ ಎಷ್ಟು ವಾಲಿಸಿದರೂ ಅದು ಬಾಯಿ ಬಿಡಲಿಲ್ಲ.

ಲಂದ್ರ ಊರ ಕಾವಲಿನ ಮುಖ್ಯಸ್ಥ. ಸೊಂಟಕ್ಕೆ ಕಪ್ಪುಬಿಳುಪಿನ ಚೌಕಳಿ ವಸ್ತ್ರ, ಬೆನ್ನಿಗೆ ಕ್ರಿಸ್ ಕತ್ತಿ, ತಲೆಗೆ ರುಮಾಲು, ಕಿವಿಯ ಮೇಲೊಂದು ದೇವಗಣಗಿಲೆ ಹೂ. ಹಾಗೆ ಸಿಂಗರಿಸಿಕೊಂಡು ಅವನು ದಾರಿಗಿಳಿದರೆ ಊರೆಂಬುದು ಅವನ ಕಾಲ ಕೆಳಗಿನ ಕಸ. ಹುಡುಗರ ವಾದ್ಯ ಅವನಿಗೆ ತಟ್ಟೆ ಬಡಿತ. ಪಕ್ಕದೂರಿನವರು ಮೆರವಣಿಗೆಗೆ ಕಟ್ಟುವ ಭೂತದ ಬೊಂಬೆ ಜ್ವರ ಬಂದ ಹಂದಿ. ಎಲ್ಲಕ್ಕಿಂತ ಹೆಚ್ಚಿನ ತಾತ್ಸಾರ ಬೊಂಡ್ರೆಸ್ ಮೇಲೆ, ಎಂದರೆ ಹಲ್ಲುಬ್ಬಿನ ಮುಖವಾಡ ಹಾಕಿಕೊಂಡು ಜನರನ್ನು ನಗಿಸುವ ವಿದೂಷಕರ ಆಟದ ಮೇಲೆ. ಅದಕ್ಕೆ ನಗುವವರು ಹೊಟ್ಟೆಗೆ ಹುಲ್ಲು ತಿನ್ನುವವರು ಎಂದು ಅವನು ಊರ ಚಾವಡಿಯಲ್ಲೇ ನಿಂತು ಹೇಳಿದ್ದ.

ಆ ವಿದೂಷಕರೆಲ್ಲ ಅವನ ಫೋನಿನೊಳಗೆ ಸಾಲಾಗಿ ಕೂತಿದ್ದರು. ಒಂದು ಆಟವನ್ನೂ ಅವನು ಬಿಟ್ಟಿರಲಿಲ್ಲ. ಇಯರ್‌ಫೋನ್ ಬೇಕಾಗಿದ್ದುದೇ ಅದಕ್ಕೆ.

ನ್ಯೆಪಿ ಹತ್ತಿರವಾಗಿತ್ತು. ವರ್ಷಕ್ಕೊಮ್ಮೆ ಬರುವ ಆ ಮೌನದ ದಿನ ಬೆಂಕಿಯಿಲ್ಲ, ದೀಪವಿಲ್ಲ, ಕೆಲಸವಿಲ್ಲ, ಮನರಂಜನೆಯಿಲ್ಲ, ಮನೆಯಿಂದ ಹೊರಗೆ ಹೆಜ್ಜೆಯಿಲ್ಲ. ಕಾವಲಿನವರು ಮಾತ್ರ ಸದ್ದಿಲ್ಲದೆ ಬೀದಿ ತಿರುಗುತ್ತಾರೆ. ಕಾವಲಿನವನಿಗೆ ಅದು ಬಹಳ ಉದ್ದದ ದಿನ. ಜೊತೆಗೆ ಈ ವರ್ಷ ಮೌನ ಮುಗಿದ ಮಾರನೆಯ ದಿನ ಹಿರಿಯರು ಕೂತು ಊರ ಹೊಸ ಯಜಮಾನನನ್ನು ಆರಿಸುವವರಿದ್ದರು. ಲಂದ್ರನ ಹೆಸರು ಎಲ್ಲರ ಬಾಯಲ್ಲಿತ್ತು. ಪ್ರೀತಿಯಿಂದಲ್ಲ, ಹೋದ ವರ್ಷದ ಮೌನದ ದಿನ ದಾದೋಂಗ್ ರಿಬೆಕ್ ಎಂಬ ಒಂಟಿ ಅಜ್ಜಿಯ ಕಿಟಕಿಯಲ್ಲಿ ದೀಪದ ಎಳೆಯೊಂದು ಕಂಡಿತೆಂದು ಆಕೆಯಿಂದಲೂ ಗುಡಿಗೆ ಒಂದು ಬುಟ್ಟಿ ಅಕ್ಕಿ ದಂಡ ಹೊರಿಸಿದ ಕಟ್ಟುನಿಟ್ಟಿನವನು ಎಂಬ ಭಯದಿಂದ. ಈ ನ್ಯೆಪಿ ತುಟಿಪಿಟಕ್ಕೆನ್ನದೆ ಕಳೆದರೆ ಯಜಮಾನಿಕೆ ತನ್ನದೇ ಎಂದು ಅವನಿಗೂ ಗೊತ್ತಿತ್ತು.

ಊರಿನಲ್ಲೇ ಒಂದು ಹುಂಜವನ್ನು ಮಾರಿ, ಆ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿ ಪೇಟೆಗೆ ಹೊರಟ. ಮೌನದ ದಿನಕ್ಕೂ ಇಯರ್‌ಫೋನಿಗೂ ಏನು ನಂಟು ಎಂದು ಹೆಂಡತಿ ಲೂಹ್ ರೆನಿಂಗ್ ಕೇಳಿದಳು. ಕಾವಲಿನ ಕೆಲಸದ ಗುಟ್ಟು ಹೆಂಗಸರ ತಲೆಗೆ ಹತ್ತುವಂಥದ್ದಲ್ಲ ಎಂದು ಹೇಳಿ ಅವಳ ಬಾಯಿ ಮುಚ್ಚಿಸಿದ.

ಪೇಟೆಯ ಅಂಗಡಿಯವಳು ಮಾರ್ನಿ, ಜಾವಾದಿಂದ ಬಂದು ನೆಲೆಸಿದ ಹೆಂಗಸು. ಅವನು ತಂದ ದುಡ್ಡು ಎಷ್ಟೆಂದು ಕೇಳಿ ತಿಳಿದುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿದ್ದ ವೈರಿನ ಇಯರ್‌ಫೋನೊಂದನ್ನು ಮುಂದಿಟ್ಟಳು.

"ಬಾಪಾ, ಇದನ್ನ ತಗೊಳ್ಳಿ. ನೋಡೋಕೆ ಬಡಪಾಯಿ, ಕೇಳೋಕೆ ರಾಜ. ನಿಮ್ಮ ದುಡ್ಡಿಗೆ ಇದಕ್ಕಿಂತ ಒಳ್ಳೇದು ಈ ಪೇಟೇಲಿ ಇಲ್ಲ."

ಲಂದ್ರ ಅದನ್ನು ಎರಡು ಬೆರಳಲ್ಲಿ, ಸತ್ತ ಹಲ್ಲಿಯನ್ನು ಎತ್ತುವ ಹಾಗೆ ಎತ್ತಿ ನೋಡಿದ.

"ಇಂಥದ್ದನ್ನ ಬಾತುಕೋಳಿ ಮೇಯಿಸೋರು ಹಾಕ್ಕೋತಾರೆ."

ಒಳಗಿನ ಕಾರಣ ಬೇರೆ. ವೈರೆಂದ ಮೇಲೆ ಅದು ಕೊರಳಪಟ್ಟಿಯ ಮೇಲೆ ಇಳಿಬಿದ್ದು ಊರಿಗೆಲ್ಲ ಕಾಣುತ್ತದೆ. ವೈರಿಲ್ಲದ್ದಾದರೆ ರುಮಾಲಿನ ಮಡಿಕೆಯ ಕೆಳಗೆ, ಹೂವಿನ ಮರೆಯಲ್ಲಿ ದೇವರಿಗೂ ಕಾಣದು. ಹಾಗೆಂದು ಅವನು ಎಣಿಸಿದ್ದ. ಅವನು ವೈರಿಲ್ಲದ್ದು ಕೇಳಿದಾಗ ಮಾರ್ನಿಯೂ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇದೆ ಬಾಪಾ. ಆದ್ರೆ ಈ ದುಡ್ಡಿಗೆ ಸಿಗೋದ್ರಲ್ಲಿ ಡಬ್ಬಿ ಒಂದೇ ಚೆನ್ನಾಗಿರೋದು. ಅರ್ಧ ದಿನಕ್ಕೇ ಚಾರ್ಜು ಮುಗಿಯುತ್ತೆ. ಆಮೇಲೆ ಬಂದು ನನ್ನ ಬೈಬೇಡಿ."

ಡಬ್ಬಿ ನಿಜಕ್ಕೂ ಚೆನ್ನಾಗಿತ್ತು: ಕಪ್ಪು ಹೊಳಪಿನ ಮೇಲೆ ಬಂಗಾರದ ಅಕ್ಷರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಲಂದ್ರ ಅದನ್ನೇ ಕೊಂಡ. ಕಡಲು ದಾಟಿ ಬಂದು ಗಂಜಿ ಕಾಣುವವರಿಂದ ತಾನು ಬುದ್ಧಿ ಕಲಿಯಬೇಕಿಲ್ಲ ಎಂದು ಅವಳಿಗೆ ಕೇಳುವಂತೆ ಗೊಣಗಿಕೊಂಡೇ ಹೊರಬಿದ್ದ.

ನ್ಯೆಪಿಯ ಹಿಂದಿನ ಸಂಜೆ ಭೂತದ ಬೊಂಬೆಯ ಮೆರವಣಿಗೆ. ಹುಡುಗರು ಮೂರು ತಿಂಗಳು ವಾದ್ಯ ಕಲಿತಿದ್ದರು. ಲಂದ್ರ ಅವರನ್ನು ಬದಿಗೆ ಸರಿಸಿ, ತನ್ನ ಮನೆಯ ಚಕ್ರದ ಸ್ಪೀಕರನ್ನು ಚಾವಡಿಗೆ ಉರುಳಿಸಿ ತಂದು, ತನ್ನ ಫೋನಿಗೆ ವೈರಿಲ್ಲದೆ ಜೋಡಿಸಿ, ಅದರಿಂದಲೇ ವಾದ್ಯ ಮೊಳಗಿಸಿದ. ಆಳೆತ್ತರದ ಆ ಸ್ಪೀಕರಿನ ಸದ್ದಿಗೆ ಬೊಂಬೆಯ ಕಾಗದದ ಮೂಗು ಕಳಚಿ ಬಿತ್ತು. ಮೆರವಣಿಗೆ ಮುಗಿದು ಸ್ಪೀಕರನ್ನು ಚಾವಡಿಯ ಉಗ್ರಾಣಕ್ಕೆ ಸೇರಿಸುವಾಗ, ಅವನ ಕೈಕೆಳಗಿನ ಕಾವಲಿನವನಾದ ಕೆತುತ್ ದರ್ಮೆ ಅದನ್ನು ಆರಿಸಲು ಬಗ್ಗಿದ.

"ಮುಟ್ಟಬೇಡ. ನೀನು ಕೈ ಹಾಕಿದ್ದು ಯಾವುದು ನೆಟ್ಟಗೆ ಉಳಿದಿದೆ?" ಎಂದ ಲಂದ್ರ.

ಕೆತುತ್ ಕೈ ಹಿಂದಕ್ಕೆ ತೆಗೆದ. ಲಂದ್ರ ಹಸಿದಿದ್ದ. ಬಾಗಿಲು ಎಳೆದು ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಊಟಕ್ಕೆ ಹೋದ. ಒಳಗೆ ಕತ್ತಲಲ್ಲಿ ಸ್ಪೀಕರಿನ ನೀಲಿ ಕಣ್ಣು ಮಿನುಗುತ್ತಲೇ ಇತ್ತು.

ಬೆಳಗಾಯಿತು. ಮೌನದ ದಿನದ ಬೆಳಗನ್ನು ಕಂಡವರು ಮತ್ತೆ ಮರೆಯುವುದಿಲ್ಲ. ಒಲೆಗಳ ಮೇಲೆ ಹೊಗೆಯಿಲ್ಲ. ದಾರಿ ತೊಳೆದಿಟ್ಟ ಪಾತ್ರೆಯಂತೆ ಬರಿದಾಗಿತ್ತು. ತೆಂಗಿನ ಗರಿಯಿಂದ ತೊಟ್ಟಿಕ್ಕುವ ಇಬ್ಬನಿಯ ಹನಿಗೂ ಒಂದು ಸದ್ದಿದೆ ಎಂದು ವರ್ಷದಲ್ಲಿ ಅಂದು ಮಾತ್ರ ತಿಳಿಯುತ್ತದೆ. ಗುಡಿಯ ಅರ್ಚಕರು, ಊರೆಲ್ಲ ಜೇರೋ ಎಂದು ಕರೆಯುವ ಹಿರಿಯರು, ಚಾವಡಿಯ ಪಕ್ಕದ ಗುಡಿಯಲ್ಲಿ ಬೆಳಗಿನಿಂದಲೇ ಧ್ಯಾನಕ್ಕೆ ಕೂತಿದ್ದರು. ಭೂಮಿ ಉಸಿರೆಳೆದುಕೊಳ್ಳಲಿ ಎಂದು ಮನುಷ್ಯ ಉಸಿರು ಬಿಗಿಹಿಡಿಯುವ ದಿನವದು.

ಲಂದ್ರ ಎರಡೂ ಕಿವಿಗೆ ಹೊಸ ಇಯರ್‌ಫೋನ್ ಒತ್ತಿ, ರುಮಾಲು ಎಳೆದು, ಎರಡೂ ಕಡೆ ಹೂ ಸಿಕ್ಕಿಸಿಕೊಂಡು ಬೀದಿಗಿಳಿದ. ಇಂದೇಕೆ ಎರಡು ಹೂ ಎಂದು ಕೆತುತ್ ಕೈಸನ್ನೆಯಲ್ಲಿ ಕೇಳಿದಾಗ ಮುಖ ತಿರುಗಿಸಿ ನಡೆದ. ವಿದೂಷಕರು ಕಿವಿಯಲ್ಲಿ ಮಾತಿಗೆ ತೊಡಗಿದರು. ಸ್ವರವೇನೋ ಮಡಕೆಯೊಳಗಿನ ಕಪ್ಪೆಯದಂತಿತ್ತು, ಆದರೆ ನಗು ಬರಲು ಅಷ್ಟು ಸಾಕಿತ್ತು. ಹಲ್ಲು ಕಚ್ಚಿ ನಗು ನುಂಗುತ್ತ, ಆ ಬಿಗಿಮುಖದಿಂದಲೇ ಮನೆಮನೆಯ ಗೋಡೆಯನ್ನು ದಿಟ್ಟಿಸುತ್ತ ತಿರುಗಿದ. ಬೆಳಗಿನಿಂದ ಒಂದು ಗೋಡೆಯ ಹಿಂದೆ ಬರೀ ಒಂದು ಕೆಮ್ಮು ಕೇಳಿಸಿತ್ತು. ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತು ಬಂದ.

ಮಧ್ಯಾಹ್ನದ ಬಿಸಿಲಿಗೆ ಬಂದು ಚಾವಡಿಯ ಮೆಟ್ಟಿಲ ಮೇಲೆ ಕೂತನೋ ಇಲ್ಲವೋ, ಕಿವಿಯಲ್ಲಿ ಮಾತು ನಿಂತಿತು. ಚಾರ್ಜು ಮುಗಿದಿತ್ತು. ಅವನಿಗದು ಹೊಳೆಯಲಿಲ್ಲ. ದರಿದ್ರದ್ದು ಸದ್ದು ಇಳಿಸಿದೆ ಎಂದುಕೊಂಡು, ಸೊಂಟದ ಬಟ್ಟೆಯೊಳಗೆ ಕೈಯಿಟ್ಟು ಫೋನನ್ನು ತಡವಿ, ಆಟವನ್ನು ಮತ್ತೆ ಹಚ್ಚಿದ. ಏನೂ ಕೇಳಿಸಲಿಲ್ಲ. ಸದ್ದಿನ ಗುಂಡಿಯನ್ನು ಒತ್ತಿದ, ಒತ್ತಿದ, ಅದು ಇನ್ನು ಏರದೆನ್ನುವ ತನಕ ಒತ್ತಿದ. ಕಿವಿಯ ನಂಟು ಕಡಿದುಕೊಂಡ ಫೋನು ಹಿಂದಿನ ಸಂಜೆಯ ನಂಟನನ್ನು ಹುಡುಕುತ್ತಿತ್ತು. ಅವನ ಬೆನ್ನ ಹಿಂದಿನ ಉಗ್ರಾಣದಲ್ಲಿ ನೀಲಿ ಕಣ್ಣಿನ ಆ ನಂಟ ಎಚ್ಚರವಾಗಿಯೇ ಕಾದಿದ್ದ.

ಸದ್ದು ಬಂತು. ಎಂಥ ಸದ್ದು! ಹಲ್ಲುಬ್ಬಿನ ವಿದೂಷಕ ತಲೆಯೊಳಗೇ ಬಂದು ಕೂತಂತೆ, ಎದೆಗೂಡು ನಡುಗುವಂತೆ. ಲಂದ್ರನ ಮುಖ ಅರಳಿತು. ಡಬ್ಬಿ ಒಂದೇ ಚೆನ್ನಾಗಿರೋದು ಅಂದಳಲ್ಲ ಆ ಜಾವಾದವಳು, ಈಗ ಬಂದು ಕೇಳಲಿ ಎಂದುಕೊಂಡ. ವಸ್ತುವಿನ ಯೋಗ್ಯತೆ ಕಿವಿಯ ಯೋಗ್ಯತೆಯನ್ನು ನೋಡಿಕೊಂಡು ಹೊರಬೀಳುತ್ತದೆ ಎಂದುಕೊಂಡ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ತಲೆದೂಗತೊಡಗಿದ.

ಕಥೆ ಅಳಿಯನದು. ಅತ್ತೆ ಹಬ್ಬಕ್ಕೆಂದು ಮಡಕೆಯಲ್ಲಿ ಬಚ್ಚಿಟ್ಟ ಹಂದಿಮಾಂಸವನ್ನು ಕದಿಯಲು ಅವನು ಕತ್ತಲಲ್ಲಿ ತೆವಳಿಕೊಂಡು ಅಡುಗೆಮನೆಗೆ ಹೋಗುತ್ತಾನೆ. ಅವನ ಹೊಟ್ಟೆಯ ಗುಡುಗು, ಜಾರಿದ ಪಂಚೆ, ಅತ್ತೆಗೆ ಅವನಿಟ್ಟ ಅಡ್ಡಹೆಸರುಗಳು ಒಂದೊಂದಾಗಿ ಊರ ಮೇಲಿನಿಂದ ಉರುಳಿಕೊಂಡು ಹೋದವು. ಗದ್ದೆಯ ಕೊಕ್ಕರೆಗಳು ಎದ್ದು ಹಾರಿದವು. ಗುಡಿಯಲ್ಲಿ ಜೇರೋ ಕಣ್ಣು ತೆರೆದರು. ಯಾರೂ ಹೊರಗೆ ಬರುವಂತಿಲ್ಲ, ಕೂಗುವಂತಿಲ್ಲ. ಊರಿಗೆ ಊರೇ ಗೋಡೆಗಳ ಹಿಂದೆ ಕೂತು ಕೇಳಿಸಿಕೊಂಡಿತು.

ದಾರಿಯ ಆ ತುದಿಯಿಂದ ಕೆತುತ್ ಓಡಿ ಬಂದ. ಹೆಜ್ಜೆಯ ಅದುರಿಗೆ ಕಣ್ಣು ಬಿಟ್ಟ ಲಂದ್ರ, ಕಿವಿಗೆ ಬಿರಡೆ ಹಾಕಿಕೊಂಡವರು ಮಾತಾಡುವಂತೆ ಗಟ್ಟಿಯಾಗಿ ಗದರಿದ.

"ಯಾಕೋ ಎಮ್ಮೆ ಥರ ಓಡ್ತಿದೀಯ? ಇವತ್ತು ಯಾವ ದಿನ ಅಂತ ಜ್ಞಾನ ಬೇಡ್ವಾ?"

ಕೆತುತ್ ವ್ರತ ಮುರಿಯುವವನಲ್ಲ. ಬಗ್ಗಿ, ಲಂದ್ರನ ಕಿವಿಯ ಹೂವನ್ನು ಮೆಲ್ಲಗೆ ತೆಗೆದು ಮೆಟ್ಟಿಲ ಮೇಲಿಟ್ಟ. ಅದರ ಹಿಂದಿನಿಂದ ಇಯರ್‌ಫೋನನ್ನು ಎಳೆದು ಲಂದ್ರನ ಅಂಗೈಗೆ ಹಾಕಿದ. ಆ ಕರಿಯ ಗುಳಿಗೆ ಕಲ್ಲಿನಂತೆ ತಣ್ಣಗೆ ಬಿದ್ದಿತ್ತು. ಉಗ್ರಾಣ ಮಾತ್ರ ಅರಚುತ್ತಿತ್ತು:

"ಮಡಕೇಲಿ ಕೈ ಹಾಕಿದ್ನಾ? ಒಳಗೆ ಇನ್ನೊಂದು ಕೈ! ಆ ಕೈ ಯಾರದಪ್ಪಾ ಅಂದ್ರೆ—"

ಲಂದ್ರ ಸೊಂಟದಿಂದ ಫೋನನ್ನು ಕಿತ್ತು, ಸಿಕ್ಕಿದ್ದನ್ನೆಲ್ಲ ಒತ್ತಿ, ಕೊನೆಗೆ ಅದನ್ನು ಆರಿಸಿಬಿಟ್ಟ.

ಮೌನ ಮರಳಿತು. ಆ ಮೌನದೊಳಗೆ, ಎಡಗಡೆಯ ಗೋಡೆಯ ಹಿಂದಿನಿಂದ, ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕ ಸದ್ದು. ಆಮೇಲೆ ಬಲಗಡೆಯಿಂದ. ಆಮೇಲೆ ಅವನ ಮನೆಯ ಕಡೆಯಿಂದಲೂ. ಬೇರೆ ದಿನವಾಗಿದ್ದರೆ ಎಲ್ಲರಿಗೂ ದಂಡ ಹಾಕುತ್ತಿದ್ದ. ಅವನು ಸೂರ್ಯ ಮುಳುಗುವ ತನಕ ಆ ಮೆಟ್ಟಿಲು ಬಿಟ್ಟು ಏಳಲಿಲ್ಲ.

ಮಾರನೆಯ ದಿನ ಊರು ಒಲೆ ಹಚ್ಚಿತು. ಒಬ್ಬರ ಮನೆಗೆ ಒಬ್ಬರು ಹೋಗಿ ವರ್ಷದ ತಪ್ಪುಗಳಿಗೆ ಕ್ಷಮೆ ಬೇಡುವ ದಿನವದು. ಹಿರಿಯರು ಚಾವಡಿಯಲ್ಲಿ ಸೇರಿ ಕಾಫಿ ಕುಡಿದು ಯಜಮಾನನನ್ನು ಆರಿಸಿದರು. ಲಂದ್ರನ ಹೆಸರನ್ನು ಯಾರೂ ಎತ್ತಲಿಲ್ಲ. ಬೇಡ ಎನ್ನುವುದಕ್ಕೂ ಎತ್ತಲಿಲ್ಲ. ಜೇರೋ ಅವನನ್ನು ಕರೆದು, ಉಗ್ರಾಣದ ಬಾಗಿಲು ತೆಗೆದು ಸ್ಪೀಕರ್ ಆರಿಸು ಎಂದಷ್ಟೇ ಹೇಳಿದರು. ಹೇಳುವಾಗ ಅವನತ್ತ ನೋಡಲಿಲ್ಲ.

ಮೌನ ಮುರಿದವರೆಲ್ಲ ಹೊರಬೇಕಾದ ದಂಡದ ಅಕ್ಕಿಯ ಬುಟ್ಟಿಯನ್ನು ಎಡಹೆಗಲ ಮೇಲಿಟ್ಟು ಅವನು ಗುಡಿಗೆ ಹೊರಟ. ಈಗ ಕತ್ತು ಬಲಕ್ಕೆ ವಾಲಿತ್ತು. ದಾದೋಂಗ್ ರಿಬೆಕ್ ತನ್ನ ಬಾಗಿಲಲ್ಲಿ ಕೂತು ಅಡಿಕೆ ಜಗಿಯುತ್ತಿದ್ದಳು. ಹೋದ ವರ್ಷ ಇದೇ ದಾರಿಯಲ್ಲಿ ಇಷ್ಟೇ ಅಕ್ಕಿ ಹೊತ್ತವಳು. ಏನಾದರೂ ಚುಚ್ಚುತ್ತಾಳೆಂದು ಲಂದ್ರ ಮುಖ ಬಿಗಿದುಕೊಂಡ.

"ನಿಲ್ಲು ಮಗಾ, ನಿನ್ನೆ ಅರ್ಧಕ್ಕೇ ನಿಲ್ಲಿಸ್ಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಮಡಕೇಲಿ ಇನ್ನೊಂದು ಕೈ ಯಾರದು?"

ಅವನು ಅತ್ತ ಇತ್ತ ನೋಡಿದ. ಬೇಲಿಗಳ ಮೇಲೆ ಮುಖಗಳು ಮೂಡಿದ್ದವು. ಬುಟ್ಟಿ ಹೆಗಲನ್ನು ಒತ್ತುತ್ತಿತ್ತು.

"ಅತ್ತೇದೇ," ಎಂದ ಲಂದ್ರ, ತಗ್ಗಿದ ದನಿಯಲ್ಲಿ. "ತಾನೇ ಬಚ್ಚಿಟ್ಟಿದ್ದನ್ನ ತಾನೇ ಕದ್ದು ತಿಂತಾ ಇರ್ತಾಳೆ."

ಅಜ್ಜಿ ನಗಲಿಲ್ಲ. ಕೆಂಪಗೆ ಒಮ್ಮೆ ಉಗಿದು ಬಾಯಿ ಒರೆಸಿಕೊಂಡಳು.

"ಇಷ್ಟೇನಾ?" ಎಂದಳು. "ಇದಕ್ಕೋಸ್ಕರ ಒಂದು ಹುಂಜ ಮಾರಿದ್ಯಾ?"