ಪಾಂಡವಪುರದ ಸ್ಪೇನ್ ಗಿಟಾರು

“ಲೋ ಚಿಕ್ಕಸ್ವಾಮಿ, ಗಿಟಾರ್ ಮಾಡಿದ್ದೀಯೋ, ರಾಗಿ ಬೀಸೋ ಕಲ್ಲು ಮಾಡಿದ್ದೀಯೋ? ಜರ್ ಅನ್ನುತ್ತಲ್ಲೋ! ಮಂಚ ಮಾಡೋನ ಕೈಯಿಂದ ವಾದ್ಯ ತಗೊಂಡೆನಲ್ಲ, ನನಗೆ ಬುದ್ಧಿ ಇಲ್ಲ!”

ಆರ್ಕೆಸ್ಟ್ರಾದ ಯಜಮಾನ ರಘುನಂದನ್ ಇದನ್ನು ಮೈಕಿನಲ್ಲೇ ಅಂದ. ನಾಗಮಂಗಲದ ಕಲ್ಯಾಣಮಂಟಪದಲ್ಲಿ ಮದುವೆಯೂಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದ ಮುನ್ನೂರು ಜನ ಒಂದೇ ಸಲಕ್ಕೆ ನಕ್ಕರು. ಹಿಂದುಗಡೆ ಕಂಬಕ್ಕೊರಗಿ ನಿಂತಿದ್ದ ಚಿಕ್ಕಸ್ವಾಮಿಯ ಕಿವಿ ಕಾದ ಕಾವಲಿಯಾಯಿತು. ತನ್ನ ಹೆಸರು ಮೈಕಿನಲ್ಲಿ ಬರಲಿ ಎಂದು ಅವನು ಎಂಟು ತಿಂಗಳಿಂದ ಕಾದಿದ್ದ. ಇವತ್ತು ಬಂತು ನೋಡಿ, ಹೀಗೆ.

ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಮುಂದೆ ಚೀಲ ಬಿಸಾಡಿ ಬಂದ ಚಿಕ್ಕಸ್ವಾಮಿ ಪಾಂಡವಪುರದ ಮರಗೆಲಸದಂಗಡಿಯಲ್ಲಿ ಮಂಚ, ಬೀರು ಮಾಡುತ್ತಿದ್ದದ್ದು ನಿಜ. ಆದರೆ ಅವನ ಹುಚ್ಚು ಬೇರೆ. ಈ ಗಿಟಾರು ಸಿಕ್ಕಿದ್ದು ಶ್ರೀರಂಗಪಟ್ಟಣದ ಗುಜರಿಯಲ್ಲಿ, ಸೈಕಲ್ ಟೈರುಗಳ ಕೆಳಗೆ. ಯಾವುದೋ ಕಾಲದ ಕಲ್ಕತ್ತಾ ಮಾಲು. ಮುಖಕ್ಕೆ ಪ್ಲೈವುಡ್ಡು, ಕತ್ತು ಬಿಲ್ಲಿನ ಹಾಗೆ ಬಾಗಿ, ತಂತಿಗೂ ಹಲಗೆಗೂ ನಡುವೆ ಇಲಿ ಸಂಸಾರ ಹೂಡಬಹುದಿತ್ತು. ಚಿಕ್ಕಸ್ವಾಮಿ ಹಬೆ ಹಿಡಿದು ಕತ್ತು ಬಿಚ್ಚಿದ, ನೆಟ್ಟಗೆ ಮಾಡಿದ. ಪ್ಲೈವುಡ್ಡು ಕಿತ್ತು ಒಲೆಗೆ ಹಾಕಿದ. ಒಡೆದ ಹಾರ್ಮೋನಿಯಂನ ಹಳೆಯ ಹಲಗೆಗಳನ್ನು ಜೋಡಿಸಿ, ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವವರ ಹಾಗೆ ತಟ್ಟಿ ತಟ್ಟಿ ಕೇಳುತ್ತ, ಅದು ದನಿ ಕೊಡುವ ತನಕ ಹೆರೆದ. ಒಳಗೆ ತೆಳ್ಳನೆಯ ಪಟ್ಟಿಗಳನ್ನು ಕೂರಿಸಿದ. ತಂತಿ ಹೊರುವ ಕುದುರೆಗೆ ಮೂಳೆ ತೇಯ್ದು ಇಟ್ಟ. ನಾಲ್ಕು ತಿಂಗಳು ಹಿಡಿಯಿತು.

ಅಂಗಡಿಗೆ ಬಂದ ರಘುನಂದನ್ ಒಂದು ಸಲ ಮೀಟಿದವನು ಗಿಟಾರನ್ನು ಕೆಳಗಿಡಲೇ ಇಲ್ಲ.

“ದುಡ್ಡು ಬ್ಯಾಡ ಸಾ,” ಅಂದಿದ್ದ ಚಿಕ್ಕಸ್ವಾಮಿ. “ಪ್ರೋಗ್ರಾಮ್ ಸುರುವಾಗೋ ಮುಂಚೆ, ಇದು ಪಾಂಡವಪುರದ ಚಿಕ್ಕಸ್ವಾಮಿ ಮಾಡಿದ್ ಗಿಟಾರು ಅಂತ ಒಂದ್ ಮಾತು ಅಂದ್ಬುಡಿ, ಸಾಕು.” ಹತ್ತು ಕಡೆ ಹೆಸರು ಬಿದ್ದರೆ ಮೈಸೂರಿನ ವಾದ್ಯದವರೂ ಹುಡುಕಿಕೊಂಡು ಬರುತ್ತಾರೆ, ಮಂಚದ ಕಾಲು ಕೆತ್ತುವುದು ತಪ್ಪುತ್ತದೆ ಎಂಬುದು ಅವನ ಲೆಕ್ಕ.

“ಅದಕ್ಕೇನೋ, ನಾಲ್ಕು ಸಲ ಹೇಳ್ತೀನಿ!”

ಮೊದಲ ಪ್ರೋಗ್ರಾಮಿನಲ್ಲೇ ಹೇಳಿದ: “ಸ್ಪೇನ್ ದೇಶದಿಂದ ತರಿಸಿದ ಗಿಟಾರ್!” ಕೇಳಿದ್ದಕ್ಕೆ, “ಜನಕ್ಕೆ ಅದೇ ರುಚಿ ಕಣೋ, ಮುಂದಿನ ಸಲ ನಿಂದೇ,” ಅಂದ. ಕೆ.ಆರ್. ಪೇಟೆಯಲ್ಲಿ ಸ್ಪೇನು, ಬೆಳ್ಳೂರಿನಲ್ಲಿ ಸ್ಪೇನು. ರಘುನಂದನ್ ಕಂಡಿದ್ದ ಅತಿ ದೂರದ ದೇಶ ತಿರುಪತಿ. ಆದರೂ ಚಿಕ್ಕಸ್ವಾಮಿ ಪ್ರತಿ ಸಲ ಬಸ್ಸು ಹತ್ತಿ ಹೋಗಿ ಹಿಂದುಗಡೆ ನಿಂತು ಕಾಯುತ್ತಿದ್ದ. ಇವತ್ತು ಗೊತ್ತಾಯಿತು: ನುಡಿದರೆ ಸ್ಪೇನಿನದು, ಜರ್ ಅಂದರೆ ಚಿಕ್ಕಸ್ವಾಮಿಯದು.

ಅವನು ಜನರ ನಡುವೆ ದಾರಿ ಮಾಡಿಕೊಂಡು ಸ್ಟೇಜು ಹತ್ತಿದ. ತಬಲದ ಜಯರಾಮಯ್ಯ, ವಯಸ್ಸಾದವರು, ಪಕ್ಕಕ್ಕೆ ಸರಿದು, “ನೋಡಪ್ಪಾ, ಏನಾಗಿದೆ ಅಂತ,” ಅಂದರು. ಚಿಕ್ಕಸ್ವಾಮಿ ಗಿಟಾರು ಕಸಿದುಕೊಂಡು ಬೆನ್ನು ತಟ್ಟಿದ. ಒಳಗೆ ಏನೋ ಗಿಲಗಿಲ ಅಂದಿತು. ತಂತಿ ಸಡಿಲಿಸಿ, ಹೊಟ್ಟೆಯ ತೂತಿಗೆ ಬೆರಳು ತೂರಿಸಿ, ತಡಕಿ, ಎಳೆದ.

ಬಂತು: ತಂತಿಗೆ ಪೋಣಿಸಿದ, ಒಣಗಿ ಕರ್ರಗಾದ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ.

ಹಿಂದಿನ ಸಾಲಿನಿಂದ ಯಾರೋ ಕೂಗಿದ: “ಒಳಗೇ ಒಗ್ಗರಣೆ ಆಕವ್ರೆ ಕಣ್ಲಾ!” ಮುನ್ನೂರು ಜನ ಮತ್ತೆ ನಕ್ಕರು.

ರಘುನಂದನ್ ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: “ಆಯುಧಪೂಜೆಲಿ ನಾನೇ ಕಟ್ಟಿದ್ದು ಕಣೋ. ಹೊರಗೆ ನೇತಾಡಿದ್ರೆ ಸ್ಟೇಜ್ ಮೇಲೆ ಅಸಹ್ಯ ಅಂತ ಒಳಗಿನ ಪಟ್ಟಿಗೆ ಸಿಕ್ಕಿಸಿದ್ದೆ, ಮರೆತೇಬಿಟ್ಟೆ. ಆದ್ರೂ ದೃಷ್ಟಿಗೆ ಕಟ್ಟಿದ್ದನ್ನ ಹೀಗೆ ಕೀಳ್ತಾರೇನೋ, ಮುಠ್ಠಾಳ?”

“ಯಾರ್ ದೃಷ್ಟಿ ಸಾ? ಸ್ಪೇನಿನವ್ರದಾ?”

ಜಯರಾಮಯ್ಯ ಮುಖ ತಿರುಗಿಸಿ ಕೆಮ್ಮಿದರು. ಚಿಕ್ಕಸ್ವಾಮಿ ತಂತಿ ಬಿಗಿ ಮಾಡಿ, ಶ್ರುತಿ ಕೂಡಿಸಿ, ಗಿಟಾರನ್ನು ರಘುನಂದನನ ಕೈಗಿಟ್ಟ. ರಘುನಂದನ್ ಮೀಟಿದ. ಹಾರ್ಮೋನಿಯಂನ ಆ ಹಳೆಯ ಹಲಗೆ ಎದೆ ಬಿಚ್ಚಿತು. ದನಿ ಕೊನೆಯ ಸಾಲಿನ ಕುರ್ಚಿಯವರೆಗೂ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಎಲೆಯಡಿಕೆ ಜಗಿಯುತ್ತಿದ್ದ ಬಾಯಿಗಳೂ ನಿಂತವು.

ಮುಂದಿನ ಸಾಲಿನಿಂದ ಮದುವೆ ಹುಡುಗಿಯ ಸೋದರಮಾವ ಪುಟ್ಟಸ್ವಾಮಿ ಎದ್ದು ನಿಂತ. “ಅಲೆಲೆಲೆ! ಗುಡಿ ಗಂಟೆ ಒಡ್ದಂಗ್ ಅಂತದಲ್ಲಪ್ಪಾ! ಯಾವೂರ್ದು ಇದು, ಯಾರ್ ಮಾಡಿದ್ದು?”

ರಘುನಂದನ್ ಚಿಕ್ಕಸ್ವಾಮಿಯನ್ನು ನೋಡಿದ. ಚಿಕ್ಕಸ್ವಾಮಿ ಅವನ ಬಾಯನ್ನೇ ನೋಡುತ್ತಿದ್ದ. ಎರಡು ಮಾರು ದೂರದಲ್ಲಿ ಮನುಷ್ಯ ನಿಂತಿದ್ದಾನೆ, ಬೆರಳಲ್ಲಿ ಇನ್ನೂ ಮೆಣಸಿನಕಾಯಿ ಹಿಡಿದಿದ್ದಾನೆ. ರಘುನಂದನ್ ಗಂಟಲು ಸರಿಮಾಡಿಕೊಂಡ.

“ಸ್ಪೇನ್ ದೇಶದ್ದು, ಸಾರ್.”

“ಲೋ ಚಿಕ್ಕಸ್ವಾಮಿ, ನಿಂದು ಅಂತ ನೀನಾದ್ರೂ ಹೇಳೋ!” ಅಂದರು ಜಯರಾಮಯ್ಯ.

ಚಿಕ್ಕಸ್ವಾಮಿ ಮುಂದೆ ಬಂದು ಆ ನಿಂಬೆಹಣ್ಣು ಮೆಣಸಿನಕಾಯಿಯನ್ನು ಮೈಕಿನ ಕತ್ತಿಗೆ, ಸರಿಯಾಗಿ ರಘುನಂದನನ ಬಾಯಿ ಎದುರಿಗೆ, ಎರಡು ಸುತ್ತು ಸುತ್ತಿ ಕಟ್ಟಿದ. ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದ. ಆಮೇಲೆ ಸ್ಟೇಜು ಇಳಿದು ಬಾಗಿಲ ಕಡೆ ನಡೆದ.

“ಲೋ, ನಿಲ್ಲೋ!” ಗಡಿಬಿಡಿಯಲ್ಲಿ ರಘುನಂದನ್ ಮೈಕಿನಲ್ಲೇ ಕೂಗಿದ. “ಇನ್ನೊಂದು ಹಳೇ ಗಿಟಾರ್ ಸಿಕ್ಕಿದೆ ಕಣೋ! ನೀನೇ ಮಾಡ್ಕೊಡಬೇಕು! ಪಾಂಡವಪುರದ ಚಿಕ್ಕಸ್ವಾಮಿ! ಲೋ!”

ಮುನ್ನೂರು ಜನಕ್ಕೂ, ಹೊರಗೆ ಚಪ್ಪಲಿ ಕಾಯುತ್ತಿದ್ದವನಿಗೂ ಹೆಸರು ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಸ್ವಾಮಿ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.