ಟೇಲರ್ ಮಾವನ ಅಳತೆ

ಪೆಟ್ಟಿಗೆಯೊಳಗೆ ಇಳಿಸಿದ ಕೂಡಲೇ ಹೆಣ ಎಡಕ್ಕೆ ಜಾರಿತು. ಹೊತ್ತವರು ಗಾಬರಿಯಿಂದ ನಡುವಿಗೆ ಎಳೆದರು. ಕೈಬಿಟ್ಟರೆ ಮತ್ತೆ ವಾಲಿತು. ಕಾಯಿಲೆ ಆತನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಪೆಟ್ಟಿಗೆಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

"ಅಳತೆ ತಗೊಂಡಿರಲಿಲ್ವಾ?" ಹೆಂಡತಿ ಕೇಳಿದಳು.

ಬಡಗಿ ತಲೆ ಕೆರೆದುಕೊಂಡ. "ಫೋನಲ್ಲಿ ವಯಸ್ಸು ಕೇಳ್ದೆ ಅಮ್ಮ. ಐವತ್ತೆಂಟು ಅಂದ್ರು. ಆ ವಯಸ್ಸಿನ ಗಂಡಸಿಗೆ ಎಷ್ಟು ಬೇಕೋ ಅಷ್ಟು ಮಾಡ್ದೆ."

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಜೀವಮಾನವಿಡೀ ಮಕ್ಕಳನ್ನು ಅಳೆದವನಿಗೆ ಕೊನೆಗೆ ಇಂಥ ಗತಿ. ಅಳಬೇಕೋ ನಗಬೇಕೋ ತಿಳಿಯದೆ ಆಕೆ ಹಳೆಯ ಹೊದಿಕೆ ತರಲು ಒಳಗೆ ಹೋದಳು.

ಬಾಗಿಲ ಬಳಿ ಒಬ್ಬ ತಾಯಿ, ಆತನ ಜಾಗಕ್ಕೆ ಬಂದ ಹೊಸ ಟೆಕ್ನೀಷಿಯನ್‌ನನ್ನು ಅಡ್ಡಗಟ್ಟಿ ನಿಂತಿದ್ದಳು. ಸಾವಿನ ಮನೆಯಲ್ಲಿ ಆಡುವ ಮಾತಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ಮಗಳ ಹೊಟ್ಟೆಯ ಗಡ್ಡೆಗೆ ನಾಳೆ ಮತ್ತೆ ಸ್ಕ್ಯಾನ್. ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ ಹುಡುಗಿಗೆ ಹತ್ತು ವರ್ಷ; ನೋಡಿದವರು ಆರು ಅನ್ನಬೇಕು, ಹಾಗಿದ್ದಳು.

*

ಮೊದಲ ಸಲದ ಸ್ಕ್ಯಾನಿಗೆ ಹೋದಾಗ, ಈಗ ತೀರಿಕೊಂಡಾತ ಕೊರಳಿನಿಂದ ಟೇಪು ತೆಗೆದದ್ದು ಕಂಡು, ನೀವು ಟೇಲರ್ರಾ ಎಂದು ಹುಡುಗಿ ಕೇಳಿದ್ದಳು.

"ಹೌದು ಪುಟ್ಟಿ, ಟೇಲರ್ ಮಾವ. ಶರ್ಟ್ ಎತ್ತು, ಕೈ ಮೇಲೆ. ಹೊಟ್ಟೆ ಒಳಗೆ ಎಳ್ಕೋಬೇಡ, ಬಟ್ಟೆ ಬಿಗಿಯಾಗುತ್ತೆ."

ತಾಯಿಗೆ ಮಾತ್ರ ಪಕ್ಕಕ್ಕೆ ಕರೆದು ಹೇಳಿದ್ದ. "ಯಂತ್ರ ತೋರ್ಸೋ ಕಿರಣದ ಲೆಕ್ಕ ಮನುಷ್ಯರ ಮೈದಲ್ಲ, ಪರೀಕ್ಷೆಗೆ ಇಡೋ ಒಂದು ದಪ್ಪ ಪ್ಲಾಸ್ಟಿಕ್ ದಿಮ್ಮಿದು. ಅಷ್ಟೇ ಕಿರಣ ಇವಳ ಸಣ್ಣ ಮೈಗೆ ಬಿದ್ರೆ ಒಳಗೆ ತಗಲೋದು ಜಾಸ್ತಿ. ವಯಸ್ಸು ನೋಡಿ ಹಾಕ್ಬಾರ್ದಮ್ಮ, ಮೈ ನೋಡಿ ಹಾಕ್ಬೇಕು."

ಆಮೇಲೆ ಪ್ರತಿ ಸಲವೂ ಅಳೆದೇ ಕಿರಣ ತಗ್ಗಿಸುತ್ತಿದ್ದ. ತಾಯಿ ಅದೊಂದೇ ಧೈರ್ಯದಲ್ಲಿ ಇಷ್ಟು ದಿನ ತಳ್ಳಿದ್ದಳು.

*

"ನಾನೇ ಅಳತೆ ತಗೊಂಡು ಬರ್ತೀನಿ ಸರ್. ನೀವು ಕಿರಣ ಕಡಿಮೆ ಮಾಡಿ, ಸಾಕು."

ಹೊಸಬ ನೆಲ ನೋಡಿದ. ವಯಸ್ಸಿನ ಗುಂಡಿ ಒತ್ತಿ ಬೇಗ ಮುಗಿಸು, ಹೊರಗೆ ಜನ ಕಾಯುತ್ತಿದ್ದಾರೆ ಎಂದು ಮೇಲಿನವರು ಹೇಳಿದ್ದಾರೆ, ತನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಎಂದ. ತಾಯಿ ಅವನ ಎರಡೂ ಕೈ ಹಿಡಿದುಕೊಂಡಳು. ಸ್ಕ್ಯಾನ್ ಬಿಟ್ಟರೆ ಗಡ್ಡೆ, ಮಾಡಿಸಿದರೆ ಕಿರಣದ ಭಯ; ಅತ್ತ ದರಿ, ಇತ್ತ ಪುಲಿ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.

ಹೆಂಡತಿ ಹೊದಿಕೆಗಳನ್ನು ತಂದು ಹೆಣದ ಎರಡೂ ಪಕ್ಕ ತುರುಕಿದಳು. ಸಾಲಲಿಲ್ಲ. ಒಳಗೊಂದು ಹಲಗೆ ಹೊಡೆದುಕೊಡುತ್ತೇನೆ ಎಂದು ಬಡಗಿ ಜೇಬಿನಿಂದ ಟೇಪು ತೆಗೆದು ಬಿಚ್ಚಿದ.

ಟೇಪು ಕಂಡದ್ದೇ ಹುಡುಗಿ ತಾಯಿಯ ಪಕ್ಕದಿಂದ ಎದ್ದು ಬಂದು ಪೆಟ್ಟಿಗೆಯ ಮುಂದೆ ನಿಂತಳು. ಶರ್ಟು ಎತ್ತಿ, ಅದರ ಅಂಚನ್ನು ಗಲ್ಲದ ಕೆಳಗೆ ಒತ್ತಿಕೊಂಡು, ಎರಡೂ ಕೈ ಮೇಲೆ ಮಾಡಿದಳು. ಹೊಟ್ಟೆ ಒಳಗೆ ಎಳೆದುಕೊಳ್ಳಲಿಲ್ಲ.