ಬೋರ್ಡಿನಲ್ಲಿ ತೆಗೆದ ಮಣ್ಣು

"ನಿನ್ನ ಮಗಳ ರಕ್ತದಾಗ ಸೀಸ ಐತಂತಲ್ಲ ಬೇ ದೇವಕ್ಕ, ಯಾವ ಸೀಸಾ? ಸೆರೀದೋ, ಸೋಡಾದೋ?"

ಪಂಚಾಯಿತಿ ಕಟ್ಟೆಯ ಮೇಲೆ ಕಾಶಿನಾಥ ಸಾವಕಾರ ಹೊಟ್ಟೆ ಕುಣಿಸಿ ನಕ್ಕ. ಸುತ್ತ ಕೂತವರೂ ನಕ್ಕರು. ನಗದವರನ್ನು ನಾಳೆ ಕೂಲಿಗೆ ಯಾರು ಕರೆಯುತ್ತಾರೆ?

ದೇವಕ್ಕ ನಗಲಿಲ್ಲ. ಆರು ವರ್ಷ ಅವನದೇ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸಿದವಳು ಅವಳು. ಅದರ ಬೂದಿಯನ್ನೆಲ್ಲ ಅವನು ಸುರಿಸಿದ್ದು ಪಕ್ಕದ ಅಂಗನವಾಡಿಯ ಅಂಗಳಕ್ಕೆ. ಅಲ್ಲೇ ಆಡಿದ ಅವಳ ಮಗಳು ಸುಧಾರಾಣಿಗೆ ಈಗ ಐದು ವರ್ಷ. ಹೋದ ವರ್ಷ ಹಾಡು ಹೇಳುತ್ತಿದ್ದ ಹುಡುಗಿ ಈಗ 'ಅವ್ವಾ' ಅನ್ನಲಿಕ್ಕೂ ತಡವರಿಸುತ್ತಾಳೆ, ಹೊಟ್ಟೆ ಹಿಡಿದುಕೊಂಡು ಗೋಡೆಗೆ ತಲೆ ಬಡಿದುಕೊಳ್ಳುತ್ತಾಳೆ.

"ಆ ಮಣ್ಣು ತೆಗಸ್ರಿ ಅಂತ ಡಾಕ್ಟರ್ ಹೇಳ್ಯಾರ್ರಿ. ಸರಕಾರ ರೊಕ್ಕಾನೂ ಕೊಟ್ಟೈತಂತ."

"ತೆಗದೇವಲ್ಲ! ಬೋರ್ಡ್ ಕಾಣಂಗಿಲ್ಲೇನು ನಿನ್ನ ಕಣ್ಣಿಗೆ? ನೀವು ಹಡದು ಬೀದಿಗೆ ಬಿಡ್ರಿ, ಅವು ಮಣ್ಣು ತಿನ್ನಲಿ, ಆಮ್ಯಾಲೆ ನಮ್ಮ ಜೀವಾ ತಿನ್ರಿ. ನಡೀ ರಂಡೀ, ಮುಂದ ನಿಂದರಬ್ಯಾಡ!"

ದೇವಕ್ಕ ನೆಟ್ಟಗೆ ಅಂಗನವಾಡಿಗೆ ಬಂದಳು. ಅವಳಿಗೆ ಅಕ್ಷರ ಬಾರದು. ಅಲ್ಲಿ ಅಡುಗೆ ಮಾಡುವ ರೇಷ್ಮಾಬಿ ಬೋರ್ಡು ಓದಿದಳು:

"ಮಕ್ಕಳ ಸೀಸ ವಿಷ ತಡೆ ಯೋಜನೆ. ಅಂಗಳದ ಮಣ್ಣು ಎರಡು ಅಡಿ ತೆಗೆದು ಸಾಗಿಸಲಾಗಿದೆ. ಗುತ್ತಿಗೆದಾರರು, ಕಾಶಿನಾಥ."

ಆ ಬೋರ್ಡಿನ ಕಂಬ ಹುಗಿಯಲು ತೋಡಿದ ಕುಣಿ ಬಿಟ್ಟರೆ ಗುದ್ದಲಿ ಎಲ್ಲೂ ಬಿದ್ದಿರಲಿಲ್ಲ.

"ಎಷ್ಟು ಸುಳ್ಳ ಬರಸ್ಯಾನವ್ವಾ, ಭಾಡ್ಯಾ!" ಅಂದಳು ರೇಷ್ಮಾಬಿ.

"ಸುಳ್ಳ ಯಾಕ ಆಗಬೇಕು? ಖರೇ ಮಾಡೂಣು. ಬುಟ್ಟಿ ತಗೊಂಬಾ."

ಮರುದಿನ ಹೊತ್ತೇರುವುದರೊಳಗೆ ಹನ್ನೊಂದು ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೆಲಕ್ಕೆ ನೀರು ಚಿಮುಕಿಸಿ ಅಗೆದರು. ಬುಟ್ಟಿಗಳು ಸಾಲುಗಟ್ಟಿ ಸಾವಕಾರನ ಗೇಟು ದಾಟಿದವು. ಗ್ರಾನೈಟ್ ಹಾಸಿದ ಅಂಗಳದಲ್ಲಿ ಬೂದುಮಣ್ಣಿನ ಗುಡ್ಡೆ ಎದ್ದಿತು.

ಕಾಶಿನಾಥ ಬನಿಯನ್ನಿನಲ್ಲೇ ಓಡಿಬಂದ. "ಏನ್ ಹಚ್ಚೀರಲೇ ಇದನ್ನ?"

"ನಿಮ್ಮ ಕೆಲಸಾನ ಮಾಡಾಕತ್ತೇವ್ರಿ," ಅಂದಳು ದೇವಕ್ಕ. " ತೆಗದ ಮಣ್ಣು ಎಲ್ಲಿಗೆ ಸಾಗಿಸೀರಿ ಅಂತ ಬೋರ್ಡಿನಾಗ ಬರದಿಲ್ಲ. ಅದಕ್ಕ ಮಾಲಕರ ಮನೀಗೇ ತಂದೇವಿ."

ಅಷ್ಟರಲ್ಲಿ ಅವನ ಮೊಮ್ಮಗಳು ಐಶ್ವರ್ಯ ಒಳಗಿನಿಂದ ಕುಣಿಯುತ್ತ ಬಂದು ಎರಡೂ ಕೈ ಗುಡ್ಡೆಗೆ ಹಾಕಿದಳು.

"ಮುಟ್ಟಬ್ಯಾಡ! ಐಶೂ, ಬಾಯಾಗ ಇಟಗೋಬ್ಯಾಡ! ವಿಷ ಅದು, ವಿಷ!"

ಕಾಶಿನಾಥ ಬಿದ್ದು ಎದ್ದು ಮಗುವನ್ನು ಎಳೆದುಕೊಂಡ. ಅದರ ಪುಟ್ಟ ಅಂಗೈಗಳನ್ನು ತನ್ನ ಬನಿಯನ್ನಿಗೆ ತಿಕ್ಕಿ ತಿಕ್ಕಿ ಒರೆಸತೊಡಗಿದ. ಕೂಸು ಕಿರುಚಿ ಅತ್ತಿತು. ಹನ್ನೊಂದು ಹೆಂಗಸರೂ ನಿಂತು ನೋಡಿದರು.

ದೇವಕ್ಕ ಕೂಸಿನ ಕಡೆ ಒಂದು ಹೆಜ್ಜೆ ಇಟ್ಟಳು. ಆದರೂ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ.

"ಗೊತ್ತಿತ್ತಲ್ಲೋ ನಿನಗ," ಅಂದಳು. ಸಾವಕಾರನನ್ನು ಊರಲ್ಲಿ ಯಾರೂ ಏಕವಚನದಲ್ಲಿ ಕರೆದಿರಲಿಲ್ಲ. "ಮೊದಲಿಂದ ಗೊತ್ತಿತ್ತು."

ಇಷ್ಟು ವರ್ಷ ಅವಳನ್ನು ಹತ್ತಗೊಡದ ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಪಡಸಾಲೆಯ ನಟ್ಟನಡುವೆ ಬುಟ್ಟಿ ಬೋರಲು ಹಾಕಿದಳು.